ಮೂರೇ ಮೆನು

ಶಂಭುಲಿಂಗಪ್ಪನವರು ನೂರು ಕಾಲ ಬಾಳಲಿ, ಆದರೆ ಅವರ ಕೈಗೆ ಪೆನ್ನು ಕೊಟ್ಟವರಿಗೆ ಮಾತ್ರ ಒಳ್ಳೆಯದಾಗದಿರಲಿ. ಚಾಮರಾಜಪೇಟೆಯ ನಮ್ಮ ಗಮಕ ಸಭಾದ ಕಾರ್ಯದರ್ಶಿ ಅವರು. ಕಂದಾಯ ಇಲಾಖೆಯಲ್ಲಿ ರಿಟೈರ್ ಆದವರು. ಮೀಟಿಂಗಿನಲ್ಲಿ ಯಾರಾದರೂ ಕೆಮ್ಮಿದರೂ ನಡಾವಳಿಯಲ್ಲಿ ಬರೆದುಕೊಂಡು ಅದರ ಮೇಲೆ ಕ್ರಮ ಕೈಗೊಳ್ಳುವ ಪೈಕಿ. ನಾನು ಗೋದಾ, ಅದೇ ಸಭಾದ ಸದಸ್ಯೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುತ್ತಿದ್ದವರೆಲ್ಲ ತೀರಿಕೊಂಡಿದ್ದಾರೆ. ಇಲ್ಲೇ ಒಂದು ಮನೆಯ ಮಹಡಿ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೇನೆ.

ಸಭಾಕ್ಕೂ ಒಂದು ವೆಬ್‌ಸೈಟ್ ಬೇಕೇಬೇಕು ಅಂತ ಎರಡು ಸಾವಿರದ ಒಂಬತ್ತರಲ್ಲಿ ಕಮಿಟಿಯವರಿಗೆ ಹುಚ್ಚು ಹಿಡಿಯಿತು. ಮನೆಯಲ್ಲಿ ಕಂಪ್ಯೂಟರ್ ಇದ್ದ ಸದಸ್ಯೆ ನಾನೊಬ್ಬಳೇ. ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಕಟ್ಟಿದರು. ಮಲ್ಲೇಶ್ವರದ ಒಂದು ಸಣ್ಣ ಕಂಪನಿ ಅದನ್ನು ಮಾಡಿಕೊಟ್ಟಿತು. ವೆಬ್‌ಸೈಟಿಗೂ ಮನೆಯ ಹಾಗೆ ಮುಂದೊಂದು ಹಜಾರ, ಹಿಂದೊಂದು ಅಡುಗೆಮನೆ. ಜನ ನೋಡುವುದು ಹಜಾರ. ನಾವು ಪಾಸ್‌ವರ್ಡ್ ಹಾಕಿ ಹೋಗುವುದು ಅಡುಗೆಮನೆಗೆ, ಅದಕ್ಕೆ ಅಡ್ಮಿನ್ ಅನ್ನುತ್ತಾರೆ. ಅಲ್ಲಿ ಎಡಗಡೆ ಉದ್ದಕ್ಕೂ ಮೆನುಗಳು: ಪೋಸ್ಟ್ಸ್, ಮೀಡಿಯಾ, ಲಿಂಕ್ಸ್, ಪೇಜಸ್, ಕಾಮೆಂಟ್ಸ್, ಅಪಿಯರೆನ್ಸ್, ಪ್ಲಗಿನ್ಸ್, ಇನ್ನೂ ಏನೇನೋ. ಒಂದನ್ನು ಒತ್ತಿದರೆ ಅದರ ಹೊಟ್ಟೆಯಿಂದ ಮತ್ತೆ ನಾಲ್ಕು ಹೊರಗೆ ಬರುತ್ತವೆ. ನಮಗೆ ಬೇಕಾದದ್ದು ಮುಂದಿನ ವಾಚನ ಯಾವತ್ತು ಅಂತ ಹಾಕುವುದು, ಮುಗಿದದ್ದರ ಫೋಟೊ ಹಾಕುವುದು, ಅಷ್ಟೆ.

ತಿಳಿಯದಿದ್ದರೆ ಫೋನ್ ಮಾಡಿ ಅಂತ ಕಂಪನಿಯವರು ನಂಬರ್ ಕೊಟ್ಟಿದ್ದರು. ಮಾಡಿದೆ. ಎತ್ತಿದವಳು ಲಾವಣ್ಯಾ ಅನ್ನುವ ಹುಡುಗಿ.

ಮೊದಮೊದಲು ನಿಜವಾಗಿಯೂ ನನಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಸ್ವಿಚ್‌ಬೋರ್ಡಿನ ಮುಂದೆ ಆಯಸ್ಸು ಸವೆಸಿದವಳಿಗೆ ಇದೇನು ಬ್ರಹ್ಮವಿದ್ಯೆಯೇ? ಯಾವ ಮೆನುವಿನ ಒಳಗೆ ಯಾವುದಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದೆ. ಆದರೂ ಬೆಳಗ್ಗೆ ಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು ಫೋನಿನ ಪಕ್ಕ ಕೂರುವುದನ್ನು ಬಿಡಲಿಲ್ಲ. ಆ ಫೋಟೊ ಹಾಕೋದು ಎಲ್ಲಮ್ಮಾ, ಮರೆತೇಹೋಯ್ತು ಅನ್ನುತ್ತಿದ್ದೆ. ಅವಳು ಒಂದು ದಿನವೂ ಬೇಸರಪಡದೆ, ಎಡಗಡೆ ನೋಡಿ ಮೇಡಂ, ಕೆಳಗೆ ಬನ್ನಿ, ಇನ್ನೂ ಸ್ವಲ್ಪ ಕೆಳಗೆ ಅಂತ ಹೇಳಿಕೊಡುತ್ತಿದ್ದಳು. ಪೇಜು ತೆರೆದುಕೊಳ್ಳುವವರೆಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂರುವುದಕ್ಕಾಗುತ್ತದೆಯೇ? ಅವಳ ಮನೆ ಶ್ರೀರಾಂಪುರದಲ್ಲಿ. ತಾಯಿಗೆ ತರಕಾರಿ ವ್ಯಾಪಾರ. ಕೆಲಸಕ್ಕೆ ಹೊರಡುವ ಮೊದಲು ಇವಳು ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸಿ ಬರಬೇಕು. ಆ ಸಲ ಅವರೆಕಾಯಿ ಬಂದ ಸುದ್ದಿ ನನಗೆ ತಿಳಿದದ್ದೇ ಅವಳಿಂದ. ಸೊಗಡಿದೆಯಾ ಅಂತ ಕೇಳಿದೆ. ಕೈಯೆಲ್ಲ ಅದೇ ವಾಸನೆ ಮೇಡಂ ಅಂತ ನಕ್ಕಳು. ಅವಳ ಮುಖವನ್ನು ನಾನು ಕಂಡಿರಲಿಲ್ಲ.

ಸರ್ವಿಸ್ ಪೂರ್ತಿ ಬೇರೆಯವರ ಮಾತು ಜೋಡಿಸಿಕೊಟ್ಟು, ನಡುವೆ ಬಾಯಿ ಹಾಕದೆ ಕೂತವಳು ನಾನು. ನನ್ನದೇ ಅಂತ ಇದ್ದ ಕರೆ ಇದೊಂದೇ. ಭಾನುವಾರ ಅವಳ ಆಫೀಸಿಗೆ ರಜೆ. ಅವತ್ತು ಸಂಜೆ ಹಾಲಿನವನ ಹತ್ತಿರ ಮಾತಾಡಲು ಹೋದರೆ ಗಂಟಲಲ್ಲಿ ಮೊದಲ ಮಾತು ಸರಿಯಾಗಿ ಹೊರಡುತ್ತಲೇ ಇರಲಿಲ್ಲ.

ಒಂದು ಸೋಮವಾರ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಸಂಭ್ರಮವೋ ಸಂಭ್ರಮ. ಅಡ್ಮಿನ್ ತೆಗೆದು ನೋಡಿ ಅಂದಳು. ತೆಗೆದೆ. ಎಡಗಡೆಯ ಸಂತೆಯನ್ನೆಲ್ಲ ಗುಡಿಸಿಹಾಕಿದ್ದಳು. ದಪ್ಪ ಕನ್ನಡ ಅಕ್ಷರದಲ್ಲಿ ಮೂರೇ ಮೆನು: ಕಾರ್ಯಕ್ರಮ ಹಾಕಿ, ಫೋಟೊ ಹಾಕಿ, ಕೆಲಸ ಮುಗಿಸಿ.

“ನಿಮ್ ಲಾಗಿನ್‌ಗೆ ಬೇಡದ್ದೆಲ್ಲ ಮರೆ ಮಾಡ್ಬಿಟ್ಟಿದೀನಿ ಮೇಡಂ. ನಿನ್ನೆ ಆಫೀಸಿಗೆ ಬಂದು ಕೂತು ಮಾಡ್ದೆ. ಇನ್ಮೇಲೆ ನೀವು ಯಾರನ್ನೂ ಕೇಳೋ ತಾಪತ್ರಯ ಇಲ್ಲ.”

ಇರುವ ಒಂದು ರಜೆಯನ್ನು ಹಾಳು ಮಾಡಿಕೊಂಡು ನನಗೋಸ್ಕರ ಮಾಡಿದ್ದಾಳೆ ಪುಣ್ಯಾತ್ಗಿತ್ತಿ. ತುಂಬಾ ಚೆನ್ನಾಗಿದೆ ಕಣಮ್ಮ ಅಂದೆ. ಫೋನಿಟ್ಟ ಮೇಲೆ ಆ ಮೂರನ್ನೇ ನೋಡುತ್ತಾ ಕೂತೆ. ಅಳು ಬಂತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಾರನೆಯ ದಿನ ತಡೆಯಲಾರದೆ ಫೋನ್ ಮಾಡಿ ಫೋಟೊ ಹಾಕೋದು ಹೇಗಮ್ಮ ಅಂದೆ. ಫೋಟೊ ಹಾಕಿ ಅಂತ ಇದೆಯಲ್ಲ ಮೇಡಂ, ಒತ್ತಿ ಅಂದಳು. ಒತ್ತಿದೆ. ಬಂತು. ಮುಂದೆ ಮಾತಿಗೆ ಜಾಗವೇ ಇರಲಿಲ್ಲ. ಕಾಫಿ ಇನ್ನೂ ಹಬೆಯಾಡುತ್ತಿತ್ತು. ಸುಮ್ಮನೆ ಮಾತಾಡೋಕೆ ಮಾಡಿದೆ ಅಂತ ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಕೆಲಸವಿಲ್ಲದೆ ಲೈನು ಹಿಡಿದುಕೊಳ್ಳಬಾರದು ಅನ್ನುವುದು ನಮ್ಮ ಎಕ್ಸ್‌ಚೇಂಜಿನ ಮೊದಲ ಪಾಠ. ಅದು ನನ್ನ ಮೈಗೆ ಅಂಟಿಕೊಂಡುಬಿಟ್ಟಿದೆ. ಮತ್ತೆ ಫೋನ್ ಮಾಡಲಿಲ್ಲ.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ವೆಬ್‌ಸೈಟ್ ಹೇಗಿದೆ ಅಂತ ಯಾರೋ ಕೇಳಿದರು. ಹಳೆಯ ಮೆನುವೇ ವಾಸಿಯಿತ್ತು, ಅದನ್ನೇ ಮತ್ತೆ ಹಾಕಿಸಿದರೆ ಒಳ್ಳೆಯದು ಅಂದೆ. ನಾನು ಅಂದದ್ದು ಇಷ್ಟೇ, ಬಿಸ್ಕತ್ತು ಅದ್ದಿಕೊಳ್ಳುತ್ತಾ. ಮೆನು ವಾಪಸ್ಸಾದರೆ ಬೆಳಗಿನ ಫೋನೂ ವಾಪಸ್ಸಾಗುತ್ತದೆ ಅನ್ನುವ ಆಸೆ. ನಮ್ಮ ಸಭಾದಲ್ಲಿ ಮೀಟಿಂಗಿನಲ್ಲಿ ಆಡಿದ ಮಾತು ಹೊರಗಿನವರಿಗೆ ಹೋಗುವುದಿದ್ದರೆ ಕಾರ್ಯದರ್ಶಿಯ ಮೂಲಕವೇ ಹೋಗಬೇಕು. ಹೋಯಿತು. ಶಂಭುಲಿಂಗಪ್ಪನವರು ಕಂಪನಿಯ ಮಾಲೀಕರಿಗೆ ಬರೆದರು: ಪೂರ್ವಾನುಮತಿಯಿಲ್ಲದೆ ಮಾಡಿದ ಬದಲಾವಣೆಯ ಬಗ್ಗೆ ಸದಸ್ಯೆ ಕುಮಾರಿ ಗೋದಾ ಅವರು ತೀವ್ರ ಅಸಮಾಧಾನ ವ್ಯಕ್ತಪಡಿಸಿರುವುದರಿಂದ, ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಸೂಕ್ತ ಕ್ರಮ ಜರುಗಿಸತಕ್ಕದ್ದು. ಬಿಸ್ಕತ್ತು ತಿನ್ನುತ್ತಿದ್ದವಳಿಗೆ ತೀವ್ರ ಅಸಮಾಧಾನವಂತೆ. ಪತ್ರದ ಪ್ರತಿಯೊಂದನ್ನು ಹೆಮ್ಮೆಯಿಂದ ನನ್ನ ಕೈಗಿತ್ತರು. ಅಸಲು ಪತ್ರ ಹೊರಟು ಆಗಲೇ ಎರಡು ದಿನವಾಗಿತ್ತು.

ಅವತ್ತೇ ಸಂಜೆ ಲಾವಣ್ಯಾ ಫೋನ್ ಮಾಡಿದಳು. ದನಿ ಇಷ್ಟೇ ಇಷ್ಟಾಗಿತ್ತು.

“ಇಷ್ಟ ಆಗ್ಲಿಲ್ಲ ಅಂತ ನಂಗೇ ಒಂದ್ ಮಾತು ಹೇಳ್ಬಹುದಿತ್ತಲ್ವಾ ಮೇಡಂ?”

ಇಷ್ಟವಾಗದೆ ಅಲ್ಲ ಕಣೇ, ನೀನು ಅಷ್ಟು ಚೆನ್ನಾಗಿ ಮಾಡಿಕೊಟ್ಟರೆ ನಿನಗೆ ಫೋನ್ ಮಾಡೋಕೆ ನನಗೆ ಯಾವ ನೆಪ ಉಳೀತು? ನನಗೆ ಮಾತಾಡೋಕೆ ಬೇರೆ ಯಾರಿದ್ದಾರೆ? ಹೇಳಬೇಕಾದದ್ದು ಇಷ್ಟು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಗಳಂಥ ಹುಡುಗಿಯ ಎದುರು ಸುಳ್ಳು ಹೇಳಿದ್ದು ಬಯಲಾಗುತ್ತದಲ್ಲ ಅನ್ನುವ ಹಾಳು ಮಾನ ಅಡ್ಡ ಬಂತು.

“ಅದು ಕಮಿಟಿ ತೀರ್ಮಾನಮ್ಮ” ಅಂದೆ.

ಸರಿ ಮೇಡಂ, ಹಳೆಯದನ್ನೇ ಹಾಕಿಬಿಡುತ್ತೇನೆ ಅಂತ ಅವಳು ಫೋನಿಟ್ಟಳು.

ರಾತ್ರಿಯೆಲ್ಲ ನನ್ನನ್ನು ನಾನೇ ಬೈದುಕೊಂಡೆ. ಬೆಳಗ್ಗೆ ಅಡ್ಮಿನ್ ತೆಗೆದರೆ ಮೆನುಗಳೆಲ್ಲ ಎಡಗಡೆ ವಾಪಸ್ಸು ಬಂದು ಕೂತಿದ್ದವು. ಮಾನ ಮರ್ಯಾದೆ ಹಾಳಾಗಿ ಹೋಗಲಿ, ಇವತ್ತು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಅಂತ ಗಟ್ಟಿಮನಸ್ಸು ಮಾಡಿದೆ. ಕಾಫಿಯನ್ನೂ ಬೆರೆಸಿಕೊಳ್ಳದೆ ನಂಬರ್ ಒತ್ತಿದೆ.

ಎತ್ತಿದವನು ಒಬ್ಬ ಹುಡುಗ. ಹೆಸರು ವಂಶಿ ಅಂದ. ಲಾವಣ್ಯಾ ಇಲ್ಲವೇನಪ್ಪಾ ಅಂತ ಕೇಳಿದೆ. ಅವಳನ್ನು ಫೋನಿನ ಕೆಲಸದಿಂದ ತೆಗೆದಿದ್ದಾರಂತೆ. ಇನ್ನು ಅವಳು ಒಳಗಡೆಯೇ ಕೆಲಸ ಮಾಡುವುದು, ಗಿರಾಕಿಗಳ ಜೊತೆ ಮಾತಾಡುವ ಹಾಗಿಲ್ಲ. ನಮ್ಮ ಸಭಾದ್ದೆಲ್ಲ ಈಗ ಅವನೇ ನೋಡಿಕೊಳ್ಳುವುದಂತೆ. ಒಂದು ನಿಮಿಷ ಕರೆದುಕೊಡಪ್ಪ ಅಂತ ಕೇಳೋಣವೆಂದರೆ, ಕ್ರಮ ಜರುಗಿಸಿ ಅಂತ ಬರೆಸಿದವಳು ಯಾವ ಬಾಯಿಂದ ಕೇಳಲಿ?

ಅವನೇ ಮಾತು ಮುಂದುವರಿಸಿದ. ಮೆತ್ತಗಿನ ದನಿಯ ಹುಡುಗ.

“ಗಾಬರಿ ಆಗ್ಬೇಡಿ ಮೇಡಂ. ಅವ್ರಿಗೆ ದಿನಾ ಮರೆತುಹೋಗುತ್ತೆ, ನಿಧಾನಕ್ಕೆ ಹೇಳ್ಕೊಡು, ಬೇಜಾರ್ ಮಾಡ್ಕೋಬೇಡ ಅಂತ ಲಾವಣ್ಯಾ ಹೇಳಿದಾರೆ. ಹೇಳಿ, ಯಾವ ಮೆನು ಸಿಗ್ತಿಲ್ಲ?”

ಎಡಗಡೆ ನೋಡಿದೆ. ಮೇಲಿಂದ ಕೆಳಗಿನವರೆಗೆ ಒಂದೂ ಬಿಡದೆ ಎಲ್ಲ ಇದ್ದವು.

“ಎಲ್ಲಾ ಸಿಕ್ತಪ್ಪಾ” ಅಂದು ಫೋನಿಟ್ಟೆ.