ಒಂದೇ ಬಾಯಿಯ ದೂರು

ಬಸ್ ಸಂಸ್ಥೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕ್ಷಮೆಯಕ್ಕ ಎಂದು. ಬಸ್ಸು ತಡವಾದರೂ, ಬಾಗಿಲಲ್ಲಿ ಯಾರದೋ ಚೀಲ ಸಿಕ್ಕಿಕೊಂಡರೂ ಜನ ಜಾಲತಾಣದಲ್ಲಿ ಉಗಿದು ಬರೆಯುತ್ತಿದ್ದರು. ಸಂಸ್ಥೆಯ ಪರವಾಗಿ ಕ್ಷಮೆ ಕೇಳುವುದು ಅವಳ ಕೆಲಸ. ತಪ್ಪು ಮಾಡುವವರು ಸಾವಿರ ಜನ, ಕ್ಷಮೆ ಕೇಳುವವಳು ಒಬ್ಬಳು ಎಂದು ಪಕ್ಕದ ಮೇಜಿನ ಕನ್ನಡಕದವನು ರೇಗಿಸುತ್ತಿದ್ದ.

ಅಳುವ ಮಗುವಿಗೆ ಹಾಲು ಎಂಬುದೇ ಅಲ್ಲಿಯ ಪದ್ಧತಿ. ಯಾವ ಮಾರ್ಗದ ಬಗ್ಗೆ ಜಾಲತಾಣದಲ್ಲಿ ಕೂಗೇಳುತ್ತದೋ ಅದು ಗೋಡೆಯ ಪರದೆಯ ಮೇಲೆ ಕೆಂಪಾಗುತ್ತಿತ್ತು, ಅದಕ್ಕೆ ಬಸ್ಸು ಸಿಗುತ್ತಿತ್ತು. ಸೊಲ್ಲಿಲ್ಲದ್ದು ಬೂದಿಬಣ್ಣಕ್ಕೆ ತಿರುಗುತ್ತಿತ್ತು, ಅದಕ್ಕೆ ಕತ್ತರಿ. ದುಡ್ಡು ಕೊಟ್ಟು ಎಬ್ಬಿಸುವ ಬಾಡಿಗೆ ಗದ್ದಲ ತಡೆಯಲು ಇನ್ನೊಂದು ನಿಯಮವಿತ್ತು: ಅಕ್ಷರವೂ ಬದಲಾಗದೆ ಒಂದೇ ಮಾತು ಹಲವರಿಂದ ಬಂದರೆ, ಎಲ್ಲ ಸೇರಿ ಒಂದೇ ದೂರು. ಆ ನಿಯಮ ಮಾಡಿದವಳು ಅವಳೇ.

ಈ ಸಲ ಬೂದಿಬಣ್ಣಕ್ಕೆ ತಿರುಗಿದ್ದು ಗೋದಾಮುಗಳ ಹಿಂದಿನ ಬಡಾವಣೆಯಿಂದ ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು. ಅದರಲ್ಲಿ ಓಡಾಡುವವರು ಆಸ್ಪತ್ರೆಯ ನೆಲ ಒರೆಸುವವರು, ಬಟ್ಟೆ ಒಗೆಯುವವರು, ಮತ್ತು ಅವಳ ಚಿಕ್ಕಮ್ಮ. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು. ಈಗ ಎರಡೂ ಕಿಡ್ನಿ ಕೈಕೊಟ್ಟು ದಿನ ಬಿಟ್ಟು ದಿನ ಡಯಾಲಿಸಿಸ್. ಟ್ಯಾಕ್ಸಿಗೆ ಕ್ಷಮೆಯಕ್ಕನ ಸಂಬಳ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸಿಬ್ಬಂದಿ ದೂರು ಬರೆದದ್ದು ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಹಾಗಾಗಿ ಭಾನುವಾರ ಅಡುಗೆಮನೆಯಲ್ಲಿ ಕೂತು ಚಿಕ್ಕಮ್ಮನ ಫೋನಿನಲ್ಲಿ ಅವಳ ಪರವಾಗಿ ಒಂದು ದೂರು ಬರೆದಳು. ನೆರೆಹೊರೆಯವರಿಗೂ ಹೇಳು, ಅವರವರ ಕಷ್ಟ ಅವರವರ ಮಾತಿನಲ್ಲಿ ಬರೆಯಲಿ ಎಂದಳು. ಚಿಕ್ಕಮ್ಮ ತಲೆಯಾಡಿಸಿದಳು.

ಮರುದಿನ ದೂರುಗಳು ಹೊಳೆಯಂತೆ ಹರಿದುಬಂದವು. ನಾನು ಡಯಾಲಿಸಿಸ್ ರೋಗಿ, ಈ ಬಸ್ಸಿಲ್ಲದಿದ್ದರೆ ನಾನು ಬದುಕುವುದಿಲ್ಲ ಎಂದು ಗೋದಾಮಿನ ಕಾವಲುಗಾರ ಬರೆದಿದ್ದ. ಎದುರುಮನೆಯ ಬಾಣಂತಿಯೂ ಅದನ್ನೇ ಬರೆದಿದ್ದಳು. ಎಲ್ಲರದ್ದೂ ಅದೇ, ಅವಳು ಚಿಕ್ಕಮ್ಮನಿಗಾಗಿ ಬರೆದಿದ್ದ ಸಾಲು.

ಮೆಟ್ಟಿಲ ಬಳಿ ಹೋಗಿ ಫೋನ್ ಮಾಡಿದಳು. "ಅವರವರ ಮಾತಲ್ಲಿ ಬರೀಲಿ ಅಂದಿದ್ನಲ್ಲ ಚಿಕ್ಕಮ್ಮ."

"ನೀನು ಅಷ್ಟು ಚೆಂದ ಬರೆದಿರುವಾಗ ನಮ್ಮ ಹಾಳು ಮಾತು ಯಾಕೆ ಪುಟ್ಟಿ? ಅಧಿಕಾರಿಗಳು ಓದೋದು, ತಪ್ಪಾಗಬಾರದು ಅಂತ ಎಲ್ಲರೂ ನಿಂದನ್ನೇ ಹಾಕಿದ್ರು."

ಅವಳು ಮೇಜಿಗೆ ಮರಳುವಷ್ಟರಲ್ಲಿ ಕನ್ನಡಕದವನು ಅಷ್ಟನ್ನೂ ಒಂದೇ ದೂರೆಂದು ಗಂಟುಕಟ್ಟಿ ಮೇಲಧಿಕಾರಿಗೆ ಕಳಿಸಿಬಿಟ್ಟಿದ್ದ. "ಇಡೀ ಬಡಾವಣೆಗೇ ಕಿಡ್ನಿ ಹೋಗಿದೆ ನೋಡಿ ಕ್ಷಮೆಯಕ್ಕ" ಎಂದು ನಕ್ಕ.

ಕೆಲಸ ಹೋದರೆ ಹೋಗಲಿ ಎಂದುಕೊಂಡು ಅವಳು ಮೇಲಧಿಕಾರಿಯ ಕೋಣೆಗೆ ಹೋದಳು.

"ಸರ್, ಅದನ್ನ ಬರೆದದ್ದು ನಾನು. ನಮ್ಮ ಚಿಕ್ಕಮ್ಮನಿಗೋಸ್ಕರ. ಆದ್ರೆ ಕಳಿಸಿದವರೆಲ್ಲ ನಿಜವಾಗ್ಲೂ ಆ ಬಸ್ಸಲ್ಲಿ ಓಡಾಡೋರೇ."

ಅವರಿಗೆ ಸಿಟ್ಟು ಬರಲಿಲ್ಲ. ಕೂರಿಸಿ, ನೀರಿನ ಲೋಟ ಮುಂದೆ ಸರಿಸಿದರು.

"ಹೇಳಿದ್ದು ಒಳ್ಳೇದಾಯ್ತು ಬಿಡಮ್ಮ. ಜನರ ದೂರೇ ಇರಬಹುದೇನೋ ಅಂತ ನನಗೂ ಒಂದು ಅಳುಕಿತ್ತು. ಎಲ್ಲ ಸೇರಿ ಒಂದೇ ದೂರು, ಅದೂ ನೀವೇ ಬರೆದದ್ದು ಅಂದ್ಮೇಲೆ ಜನರದ್ದು ಒಂದೂ ಇಲ್ಲ ಅಂತಾಯ್ತಲ್ಲ."

ಈ ವಿಷಯ ಈ ಕೋಣೆ ದಾಟುವುದಿಲ್ಲ, ನಿಮ್ಮ ಕೆಲಸಕ್ಕೇನೂ ಆಗುವುದಿಲ್ಲ ಎಂದು ಅವರು ಧೈರ್ಯ ಹೇಳಿದರು. ಬಸ್ಸು ನಿಲ್ಲಿಸುವ ಪ್ರಕಟಣೆಯನ್ನು ಮಾತ್ರ ಸ್ವಲ್ಪ ನಯವಾಗಿ ಬರೆದುಕೊಡಿ ಎಂದರು. ಅವಳು ಬರೆದಳು. ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ ಎಂಬ ಸಾಲನ್ನೂ ಬರೆದಳು. ಪಳಗಿದ ಕೈ, ಎಲ್ಲೂ ತಡವರಿಸಲಿಲ್ಲ.

ಬಸ್ಸು ನಿಂತ ಮೇಲೆ ಚಿಕ್ಕಮ್ಮ ಕೆಲವು ಸಲ ಬೇರೆ ಬಸ್ಸು ಹಿಡಿಯಲು ಲಾರಿಗಳ ಧೂಳು ಕುಡಿಯುತ್ತ ಮುಖ್ಯರಸ್ತೆಯವರೆಗೆ ನಡೆದಳು. ಬರುವಾಗ ಯಾರದೋ ಗೋಡೆ ಹಿಡಿದು ನಿಲ್ಲುತ್ತಿದ್ದಳಂತೆ. ಆಮೇಲೊಂದು ದಿನ ಡಯಾಲಿಸಿಸ್‌ಗೆ ಹೋಗಲಿಲ್ಲ.

ಅವಳು ಕಚೇರಿಯಿಂದ ಬಂದಾಗ ಚಿಕ್ಕಮ್ಮ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. "ಒಂದ್ಸಲ ತಪ್ಪಿದ್ರೆ ಆಕಾಶ ಕಳಚಿ ಬೀಳಲ್ಲ ಬಿಡು" ಎಂದಳು.

ಅವಳು ನೆಲದ ಮೇಲೆ ಕೂತು ನೀರು ತುಂಬಿ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಕಣಕಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಗುಳಿ ಬಿತ್ತು. ಅದು ತುಂಬಿಕೊಳ್ಳಲಿ ಎಂದು ಇಬ್ಬರೂ ನೋಡುತ್ತ ಕೂತರು.