ಹಸಿರು ಎಳೆ ಇಟ್ಟ ಪುಟ

ಹಂಪಣ್ಣ ಮಾಸ್ತರರು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಪುಟ ತಿರುವುವುದನ್ನು ನಾನು ಮೂರು ವರ್ಷ ನೋಡಿದ್ದೇನೆ. ಆಗ ಹೇಸಿಗೆ ಎನಿಸಿರಲಿಲ್ಲ. ಐವತ್ತು ದಾಟಿದ ಮೇಲೆ ನನಗೆ ಅ ಆ ತಿದ್ದಿಸಿದವರು ಅವರು. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವಳನ್ನು ರಾತ್ರಿ ಶಾಲೆಗೆ ಕರೆದು ಓದಿಗೆ ಹಚ್ಚಿದವರು. ಎಲೆಅಡಿಕೆಯ ಕೆಂಪು ಅವರ ಬೆರಳಿನಿಂದ ಪುಟಕ್ಕೆ ಹತ್ತಿದರೆ, ಹತ್ತಲಿ ಬಿಡು, ಓದಿದವರ ಗುರುತು ಎಂದುಕೊಳ್ಳುತ್ತಿದ್ದೆ. ಗದ್ವಾಲದ ತವರಿನಿಂದ ಶೇಂಗಾ ಬಂದರೆ ಮೊದಲ ಪಾಲು ಅವರ ಮನೆಗೆ. ಈಗ ಆ ಬೆರಳನ್ನು ನೆನೆದರೆ ಹೇಸಿಗೆಯಿಂದ ಬಾಯಲ್ಲಿ ಹುಳಿ ನೀರು ಬರುತ್ತದೆ.

ನಿಜಾಮರ ರಾಜ್ಯ. ನಾರಾಯಣಪೇಟೆಯ ಸರ್ಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಬೇಕೆಂದವರಿಗೆ ಜಂಬಪ್ಪನವರ ಪಡಸಾಲೆಯ ವಾಚನಾಲಯ ಒಂದೇ. ಅದನ್ನು ನಡೆಸಲೂ ಸರ್ಕಾರದ ಇಜಾಜತ್ತು ಬೇಕಿತ್ತು. ಮಾಸ್ತರರೇ ಕಚೇರಿಗೆ ಅಲೆದಲೆದು ಆ ಅಪ್ಪಣೆ ತಂದಿದ್ದರು. ಅದಕ್ಕೇ ಊರಲ್ಲಿ ಅವರ ಮಾತಿಗೆ ತೂಕ.

ನಾವು ನಾಲ್ಕು ಹೆಂಗಸರು ಅಲ್ಲಿಂದ ಒಂದು ಪುಸ್ತಕ ತಂದು ಹಂಚಿಕೊಂಡು ಓದುತ್ತಿದ್ದೆವು. ಸೋಮವಾರ ಅಡತಿ ಸಾಹುಕಾರರ ಹೆಂಡತಿ ಚನ್ನವೀರಮ್ಮನ ಮನೆ, ಮಂಗಳವಾರ ಪೆಂಟಮ್ಮ, ಬುಧವಾರ ಮಲ್ಲೇಶ್ವರಿ, ಗುರುವಾರ ನಾನು. ಶುಕ್ರವಾರ ಮಧ್ಯಾಹ್ನ ಚನ್ನವೀರಮ್ಮನ ಹಿತ್ತಲಲ್ಲಿ ಕೂಡಿ, ವಾರದಲ್ಲಿ ಏನು ಓದಿದೆವು, ಯಾರೂ ಹೇಳದೆ ನಮ್ಮ ಖುಷಿಗೆ ಏನು ಮಾಡಿದೆವು ಎಂದು ಹೇಳಬೇಕು. ಚನ್ನವೀರಮ್ಮ ಕೌದಿ ಹೊಲಿಯುತ್ತಿದ್ದಳು. ಪೆಂಟಮ್ಮ ಒಡಪು ಕೂಡಿಸುತ್ತಿದ್ದಳು, ಗಂಡನ ಹೆಸರಿಗೇ ನೂರು ಒಡಪು. ಮಲ್ಲೇಶ್ವರಿ ಇದ್ದಿಲಿನಿಂದ ಗೋಡೆಯ ಮೇಲೆ ಸೀರೆ ಅಂಚಿನ ಚಿತ್ತಾರ ಬರೆಯುತ್ತಿದ್ದಳು.

“ಇದಕ್ಕ ಪುಸ್ತಕದಾಗ ಹವ್ಯಾಸ ಅಂತಾರ,” ಎಂದು ಚನ್ನವೀರಮ್ಮ ಒಮ್ಮೆ ಹೇಳಿದಳು.

“ನಮ್ಮಂಥೋರು ಮಾಡಿದ್ರ ಶೋಕಿ ಅಂತಾರವ್ವಾ,” ಎಂದಳು ಪೆಂಟಮ್ಮ. ಅಂದಿನಿಂದ ಅದು ಶೋಕಿ ಶುಕ್ರವಾರ.

ವಾಚನಾಲಯದ ಪುಸ್ತಕಕ್ಕೆ ಪೆನ್ಸಿಲು ಮುಟ್ಟಿಸುವಂತಿರಲಿಲ್ಲ. ಮನಸ್ಸಿಗೆ ಹಿಡಿಸಿದ ಪುಟದಲ್ಲಿ ಒಂದೊಂದು ರೇಷ್ಮೆ ಎಳೆ ಇಡುತ್ತಿದ್ದೆವು. ನನ್ನದು ಹಳದಿ, ಮಲ್ಲೇಶ್ವರಿಯದು ಹಸಿರು. ಇನ್ನೊಬ್ಬಳ ಎಳೆಯ ಪುಟವನ್ನು ಅವಳೇ ಹೇಳುವ ತನಕ ಉಳಿದವರು ಓದಬಾರದು, ಅದು ನಮ್ಮ ಕಟ್ಟು. ಶನಿವಾರ ಪುಸ್ತಕ ವಾಚನಾಲಯಕ್ಕೆ ಹೋಗಿ ಸೋಮವಾರ ಮರಳುತ್ತಿತ್ತು. ನಡುವಿನ ಎರಡು ದಿನ ಅದು ಮಾಸ್ತರರ ಕೈಯಲ್ಲಿ. ಯಾರ ಎಳೆ ಯಾವ ಬಣ್ಣ ಎಂದು ಅವರು ಎಂದೋ ಕೇಳಿ ತಿಳಿದಿದ್ದರು.

ನಾನು ನಿಧಾನದವಳು. ಒಂದು ಪುಟಕ್ಕೆ ಮೂರು ಸಲ ಕಣ್ಣು ಓಡಿಸುವವಳು. ಆದ್ದರಿಂದಲೇ ಕಂಡಿತು. ಎಲೆಅಡಿಕೆಯ ಹೆಬ್ಬೆಟ್ಟು ಎಲ್ಲ ಪುಟದಲ್ಲೂ ಇರಲಿಲ್ಲ. ಎಳೆ ಇದ್ದಲ್ಲಿ ಮಾತ್ರ ಇತ್ತು. ನನ್ನ ಹಳದಿಯ ಪುಟದಲ್ಲಿ ಒಂದು ಸಲ, ಮಲ್ಲೇಶ್ವರಿ ಆಗಲೇ ಹೇಳಿ ಮುಗಿಸಿದ್ದ ಹಸಿರು ಎಳೆಯ ಪುಟಗಳಲ್ಲಿ ನಾಲ್ಕೈದು ಸಲ. ಹಸಿರು ಎಳೆಯನ್ನು ಹೊರಗೆಳೆದು ಮತ್ತೆ ಸೇರಿಸಿದ್ದರು. ಅದರ ತುದಿ ಎಂಜಲಿನಿಂದ ಗಟ್ಟಿಯಾಗಿ ಕಂದಿತ್ತು. ಇಪ್ಪತ್ತೆರಡರ ವಿಧವೆ ಮಲ್ಲೇಶ್ವರಿಗೆ ಯಾವ ಸಾಲು ಹಿಡಿಸಿತು ಎಂದು ಆ ಮನುಷ್ಯ ಕೂತು ಹುಡುಕಿದ್ದಾನೆ. ಪುಸ್ತಕವನ್ನಲ್ಲ, ಅವಳನ್ನು ಓದಿದ್ದಾನೆ. ಆದರೂ ಮೂರು ವಾರ ನಾನು ಬಾಯಿ ಬಿಡಲಿಲ್ಲ. ಗುರುಗಳಲ್ಲವೇ, ಇರಲಾರದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಆ ಸುಳ್ಳಿನ ಹೇಸಿಗೆ ನನ್ನದು.

ಆ ಶುಕ್ರವಾರ ಮಲ್ಲೇಶ್ವರಿ, “ಈ ವಾರ ನನ್ನ ಪುಟ ಹೇಳೂದು ಬ್ಯಾಡ,” ಎಂದು ತಲೆ ತಗ್ಗಿಸಿದಳು. ನಾವು ಒತ್ತಾಯ ಮಾಡಲಿಲ್ಲ. ಮಾರನೆಯ ದಿನ ಹಸಿರು ಎಳೆಯ ಸಮೇತ ಪುಸ್ತಕ ವಾಚನಾಲಯಕ್ಕೆ ಹೋಯಿತು.

ಭಾನುವಾರ ಅವಳ ಭಾವ ಅಂಜಯ್ಯ ನನ್ನ ಬಾಗಿಲಿಗೆ ಬಂದ. ಮಗ್ಗಗಳಿಗೆಲ್ಲ ರೇಷ್ಮೆ ಕೊಡುವವನು ಅವನೇ. ಕೆಟ್ಟವನಲ್ಲ, ಜನರ ಮಾತಿಗೆ ಹೆದರುವವನು.

“ಅನಂತಕ್ಕಾ, ಇವತ್ತಿಗೆ ನಮ್ಮ ಮಲ್ಲೇಶ್ವರಿ ಓದು ಮುಗೀತು. ಆಕಿನ್ನ ಮಕ್ತಲ್‌ದಾಗಿನ ನಮ್ಮ ಚಿಕ್ಕಮ್ಮನ ಮನಿಗೆ ಕಳಸ್ತೀನಿ. ಅಲ್ಲಿ ಪುಸ್ತಕ ಗಿಸ್ತಕ ಏನಿಲ್ಲ.”

“ಯಾಕಪಾ?”

“ಹಸಿರು ಎಳಿ ಎಂಥಾ ಪುಟದಾಗ ಐತಿ ಅಂತ ಮಾಸ್ತರು ಎಲ್ಲಾರ ಮುಂದ ಹೇಳಿದ್ರು. ಗಂಡ ಹೆಂಡತಿ ಕೋಣ್ಯಾಗಿನ ಮಾತಂತ. ನಾ ತಲಿ ಎತ್ತಿ ಹೆಂಗ ತಿರಗ್ಲಿ?”

ಮಕ್ತಲಿನ ಆ ಮನೆಯನ್ನು ನಾನು ಬಲ್ಲೆ. ಅಲ್ಲಿಗೆ ಹೋದರೆ ಹುಡುಗಿ ಬೀಸುವ ಕಲ್ಲಿನ ಮುಂದೆಯೇ ಮುದುಕಿಯಾಗುತ್ತಾಳೆ. “ನಡಿ,” ಎಂದು ಸೆರಗು ಹೊದ್ದು ಅವನ ಮುಂದೆ ಹೊರಟೆ.

ಪಡಸಾಲೆಯಲ್ಲಿ ಆರೇಳು ಗಂಡಸರಿದ್ದರು. ಮಾಸ್ತರರ ಮುಂದೆ ಪುಸ್ತಕ, ಪಕ್ಕದಲ್ಲಿ ಉಗುಳುವ ತಂಬಿಗೆ. ನನ್ನನ್ನು ಕಂಡು ನಕ್ಕರು.

“ಬರ್ರಿ ಅನಂತಮ್ಮ. ನಿಮ್ಮ ಮಲ್ಲೇಶ್ವರಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಇಂಥಾದ್ದು ಪೊಲೀಸ್ ಅಮೀನರ ಕಿವಿಗೆ ಬಿದ್ರ ಇಜಾಜತ್ತು ಹೋಗತೈತಿ.”

“ಆ ಎಳಿ ನಂದ್ರಿ,” ಎಂದೆ.

ಯಾರೋ ಕೆಮ್ಮಿದರು. ಮಾಸ್ತರರ ನಗು ಹಾಗೇ ಇತ್ತು. “ನಿಮ್ಮದು ಹಳದಿ ಅಲ್ಲೇನ್ರಿ?”

“ಹಳದಿ ತೀರಿತ್ತು. ಅಂಜಯ್ಯಾ, ಹೋದ ವಾರ ನನ್ನ ಮಗ್ಗಕ್ಕ ಯಾವ ಬಣ್ಣ ಕೊಟ್ಟಿದ್ದಿ?”

ಅಂಜಯ್ಯ ತಡವರಿಸಿದ. “ಹಸಿರು. ಹೌದು, ಹಸಿರ ಕೊಟ್ಟಿದ್ದೆ.”

“ಈ ವಯಸ್ಸಿನಾಗ ಅಜ್ಜಿಗೆ ಆಸಿ ನೋಡ್ರಿ,” ಎಂದ ಒಬ್ಬ. ಎಲೆಅಡಿಕೆ ತುಂಬಿದ ಬಾಯಿಗಳು ಒಟ್ಟಿಗೆ ತೆರೆದವು. ಒಳಗೆಲ್ಲ ಕೆಂಪು ಜೊಲ್ಲು.

ಮಾಸ್ತರರು ಬಿಡುವವರಲ್ಲ. “ಹಂಗಾರ ಆ ಪುಟದಾಗ ಏನೈತಿ, ಹೇಳ್ರಿ ನೋಡೋಣ.”

ನಾನು ಆ ಪುಟ ಓದಿರಲಿಲ್ಲ. ನಮ್ಮ ಕಟ್ಟನ್ನು ನಾನು ಮುರಿದವಳಲ್ಲ. ಅಂಜಯ್ಯ ನನ್ನ ಬಾಯನ್ನೇ ನೋಡುತ್ತಿದ್ದ. ಸುಮ್ಮನಿದ್ದರೆ ಹುಡುಗಿ ನಾಳೆಯೇ ಬಂಡಿ ಹತ್ತುತ್ತಾಳೆ. ಬೇರೇನೂ ತೋಚದೆ ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳಿದೆ.

“ಒಬ್ಬಾಕಿಗೆ ಬಣ್ಣದ ಕುದಿನೀರು ಬಿದ್ದು ಎರಡೂ ಕೈ ಸುಟ್ಟಿರತಾವ. ಆಕಿ ಗಂಡ ಎಂಟು ದಿನ ಮಗ್ಗಕ್ಕ ಇಳಿಯಂಗಿಲ್ಲ. ಅಂಬಲಿ ಊದಿ ಊದಿ ಆರಿಸಿ ತನ್ನ ಕೈಯಾರೆ ಕುಡಸ್ತಾನ. ಗಲ್ಲಕ್ಕ ಇಳದಿದ್ದು ತನ್ನ ಧೋತರದ ಚುಂಗಿಲೆ ಒರಸ್ತಾನ. ಅವ್ವ ಬೈದ್ರ, ನಿನಗ ಮಾಡಿದ್ರ ಪುಣ್ಯ, ಈಕಿಗೆ ಮಾಡಿದ್ರ ಪಾಪೇನಬೇ, ಅಂತಾನ. ರಾತ್ರಿ ಆಕಿ ತಲಿ ಬಾಚಿ ಸೊಟ್ಟ ಹೆಳಲು ಹೆಣೀತಾನ.”

ಯಾರೂ ನಗಲಿಲ್ಲ. ಜಂಬಪ್ಪನವರು ಅಡಕತ್ತರಿ ಕೆಳಗಿಟ್ಟರು.

“ಸುಳ್ಳು. ಹಂಗ ಇಲ್ಲ ಅದು,” ಎಂದರು ಮಾಸ್ತರರು, ತುಸು ಜೋರಾಗಿಯೇ.

“ಇಲ್ಲೇನ್ರಿ? ನನಗ ಓದಾಕ ಕಲಿಸಿದವರು ನೀವ. ತಪ್ಪಿದ್ರ ತಿದ್ದ್ರಿ. ಪುಸ್ತಕ ಅಲ್ಲೇ ಐತಿ, ಎಲ್ಲಾರೂ ಕೇಳ್ಲಿ.”

“ಓದ್ರಿ ಮಾಸ್ತರ,” ಎಂದ ಅಂಜಯ್ಯ.

ಅವರು ಪುಸ್ತಕ ಎತ್ತಿಕೊಂಡರು. ಹುಡುಕಬೇಕಾಗಲಿಲ್ಲ, ಅದು ತಾನಾಗಿಯೇ ಅಲ್ಲಿಗೆ ತೆರೆಯಿತು. ತುಟಿ ಎರಡು ಸಲ ಅಲುಗಿತು.

“ಹೆಣ್ಮಕ್ಕಳ ಮುಂದ ಓದೋದಲ್ಲ ಅದು.”

“ಹೆಣ್ಮಕ್ಕಳು ಓದಿ ಇಟ್ಟಿದ್ದನ್ನ ನೀವ್ಯಾಕ ಎಂಜಲ ಹಚ್ಚಿ ಹಚ್ಚಿ ಓದಿದ್ರಿ? ಯಾವ ಎಳಿ ಯಾರದು ಅಂತ ನಿಮಗ್ಯಾಕ ಬೇಕಿತ್ರಿ?”

ಅವರು ತಂಬಿಗೆಗೆ ಉಗುಳಿದರು. ಅಂಜಯ್ಯ ಅವರ ಕೆಂಪು ಹತ್ತಿದ ಬೆರಳನ್ನು ನೋಡಿದ. ಆಮೇಲೆ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ನನಗೆ ಕೊಟ್ಟ.

“ಬುಧವಾರ ನಮ್ಮ ಮನಿಗೆ ಕಳಸು ಅಕ್ಕಾ,” ಎಂದ. ಮಕ್ತಲಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿದೆ. ಬಾಯಿಯ ಹುಳಿ ಹೋಗಲಿಲ್ಲ. ಆ ಎಂಟು ದಿನಗಳನ್ನು ನಾನು ಚನ್ನವೀರಮ್ಮನಿಗೂ ಹೇಳಿರಲಿಲ್ಲ, ಹೊಟ್ಟೆಯ ಮಗಳಿಗೂ ಹೇಳಿರಲಿಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಮೂವತ್ತು ವರ್ಷ ಅದೊಂದನ್ನೇ ಕಾಪಾಡಿಕೊಂಡಿದ್ದೆ. ಅದನ್ನು ಒಯ್ದು ಆ ಬಾಯಿಗಳ ಮುಂದೆ ಸುರಿದೆ. ಹುಡುಗಿ ಉಳಿದಳು, ನಿಜ. ಮಾಸ್ತರರೂ ಉಳಿದರು. ಇಜಾಜತ್ತು ಅವರ ಹೆಸರಿನಲ್ಲಿತ್ತು. ಮುಂದಿನ ವಾರವೂ ಎದುರಿಗೆ ಸಿಕ್ಕರೆ ನಾವು ಕೈ ಮುಗಿಯಲೇಬೇಕು.

ಶುಕ್ರವಾರ ಮಲ್ಲೇಶ್ವರಿ ನನ್ನ ಪಕ್ಕಕ್ಕೆ ಸರಿದು ಕೂತಳು.

“ದೊಡ್ಡವ್ವಾ, ಆ ಪುಟದಾಗ ಅಂಬಲಿ ಇಲ್ಲ.”

“ಗೊತ್ತೈತಿ.”

“ಮತ್ತ ಅದನ್ನ ಎಲ್ಲಿ ಓದಿದ್ರಿ? ನನಗೂ ಹೇಳ್ರಿ.”

ಅವಳಿಗಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಪಡಸಾಲೆಯ ಆ ಕೆಂಪು ಬಾಯಿಗಳು ಕಣ್ಣ ಮುಂದೆ ಬಂದವು.

“ಪೆಂಟಮ್ಮಾ, ಇವತ್ತು ನೀನ ಮೊದಲು ಹೇಳಬೇ,” ಎಂದೆ.