ಮರೆತವನ ಜೀತ

“ಏ ದ್ಯಾವ್ಯಾ, ಸೂಳಿಮಗನ! ಸೆಗಣಿ ಬುಟ್ಟಿ ತಂದು ಹೊಸ್ತಿಲದಾಗ ಇಡ್ತಿಯೇನಲೇ? ಕಣ್ಣಾಗ ಮಣ್ಣ ಬಿದ್ದೈತೇನು?”

ಪಡಸಾಲೆಯ ಕುರ್ಚಿಯಲ್ಲಿ ಕೂತು ಬಸವಂತ್ರಾಯಗೌಡ ಬೈಯುತ್ತಿದ್ದದ್ದು ನನ್ನಪ್ಪನಿಗೆ. ಅಪ್ಪ ಅವನ ಮನೆಯ ಜೀತ ಬಿಟ್ಟು ಒಂದು ಜಮಾನಾನೇ ಆಯಿತು. ಬಿಡಿಸಿದವನು ನಾನು, ಮರಿಲಿಂಗ. ಆವತ್ತು ಕೆಂಭಾವಿ ಸಂತೆಯಲ್ಲಿ, ಅಪ್ಪನ ಜೀತ ಇನ್ನು ಸಾಕೆಂದು ನಾನು ಹಾಕಿದ ಕೂಗಿಗೆ ಸುರಪುರದ ಗುಡ್ಡ ಬಿರುಕು ಬಿಟ್ಟಿತು, ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬೈ ಗಾಡಿ ಗಕ್ಕನೆ ನಿಂತಿತು. ಸುಳ್ಳೆನಿಸಿದರೆ ಹೋಗಿ ಆ ಗಾಡಿಯನ್ನೇ ಕೇಳಿ.

ಈಗ ಮರೆವಿನ ಕಾಯಿಲೆ ಅಪ್ಪನ ತಲೆಯನ್ನು ಗುಡಿಸಿಬಿಟ್ಟಿದೆ. ಅವ್ವ ಸತ್ತದ್ದು ಗೊತ್ತಿಲ್ಲ, ನಾನು ಯಾರೆಂದು ಗೊತ್ತಿಲ್ಲ, ಜೀತ ಬಿಟ್ಟದ್ದೂ ಗೊತ್ತಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹೊರಡುತ್ತಾನೆ. ಗೌಡರ ಓಣಿ ಬಂದೊಡನೆ ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಳ್ಳುತ್ತಾನೆ. ಆನೆ ಕಟ್ಟುವ ಸರಪಳಿ ತಂದು ಬಾಗಿಲಿಗೆ ಹಾಕಿದೆ. ಎಂಬತ್ತು ದಾಟಿದ ಮುದುಕ ಹಿತ್ತಲ ಗೋಡೆಯನ್ನು ಮಂಗನಂತೆ ಹಾರಿ ಹೋದ. ಗೌಡ ಬೇಡವೆನ್ನಲಿಲ್ಲ. ಬಿಟ್ಟಿ ಆಳು ತಾನಾಗಿ ಬಂದರೆ ಯಾರು ಬೇಡವೆನ್ನುತ್ತಾರೆ?

ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆಂದು ಊರೂರು ತಿರುಗಿ ಸಂಶೋಧನೆ ಮಾಡುವ ಪರಿಮಳಾ ಮೇಡಂ, ಸೆಗಣಿ ಬುಟ್ಟಿಗೆ ಬೈಗುಳ ಬಿದ್ದ ಆ ದಿನವೇ ಗೌಡನ ಮನೆಗೆ ಬಂದಿದ್ದರು. ಗೌಡ ಚಹಾ ಕುಡಿಸಿ ಹೇಳಿದ:

“ಈ ಮುದುಕನ್ನ ನಾವ ಜ್ವಾಕಿ ಮಾಡ್ತೀವ್ರಿ. ಹಗಲೆಲ್ಲಾ ನಮ್ಮಲ್ಲೇ ಇರ್ತಾನ.”

“ರೂಢಿಯಾದ ಕೆಲಸ ಮಾಡ್ತಾ ಇದ್ರೆ ಇಂಥವರಿಗೆ ನೆಮ್ಮದಿ,” ಎಂದು ಮೇಡಂ ಮೆಚ್ಚಿ ತಲೆಯಾಡಿಸಿದರು.

“ಇದು ಜ್ವಾಕೀನೇನ್ರಿ ಮೇಡಂ? ಮೊಣಕಾಲ ನೋಡ್ರಿ, ರಕ್ತ ಸೋರಾಕತ್ತೈತಿ,” ಎಂದೆ ಅಂಗಳದಿಂದ. “ಯಪ್ಪಾ, ಮನಿಗಿ ನಡಿ.”

ಹಿಡಿದ ನನ್ನ ಕೈಯನ್ನು ಅಪ್ಪ ಕೊಡವಿಕೊಂಡ. “ಯಾರಪ್ಪಾ ನೀ? ಧಣ್ಯಾರು ಹೇಳದ ಹೆಂಗ ಬರ್ಲಿ?”

ಗೌಡ ನಕ್ಕ. “ನೋಡಿದಿ ಮರ್ಯಾ? ಅವಗ ಬೇಕಾದಂವ ನಾ, ನೀ ಅಲ್ಲ. ಸಾಯೂತನಾ ಇಲ್ಲೇ ಬಿದ್ದಿರ್ಲಿ ಬಿಡು.”

ಮೇಡಂ ಮುಖ ತಗ್ಗಿಸಿದರು. ಗೌಡ ಎಲೆಯಡಿಕೆ ಉಗುಳಲು ಎದ್ದ. ನಮ್ಮ ಕೇರಿಯವರ ಕಾಲು ಎಂದೂ ಮುಟ್ಟದ ಪಡಸಾಲೆ ಅದು. ಹತ್ತಿದೆ. ಅವನ ಕುರ್ಚಿಯಲ್ಲಿ ಕೂತೆ.

“ಇಳಿಯಲೇ ಭಾಡ್ಯಾ! ಏ, ಯಾರದೀರಲೇ ಅಲ್ಲಿ? ಒದ್ದು ಕೆಡವ್ರಿ ಇವನ್ನ!”

ಕಾಲ ಮೇಲೆ ಕಾಲು ಹಾಕಿದೆ. ಗೌಡನ ದನಿಯಲ್ಲೇ ಹೆತ್ತಪ್ಪನನ್ನು ಕರೆದೆ: “ದ್ಯಾವ್ಯಾ! ನಿನ್ನ ಜೀತ ಮುಗೀತು. ಮನಿಗಿ ಹೋಗು. ಇನ್ನ ಬರಬ್ಯಾಡ.”

ಅಪ್ಪ ಬುಟ್ಟಿ ಬಿಟ್ಟ. ನನ್ನತ್ತ ತಿರುಗಿ ನೆಲಕ್ಕೆ ಹಣೆ ಹಚ್ಚಿದ.

“ಬೇಕಾದ್ರ ಹೊಡೀರಿ ಧಣಿ, ಕೆಲಸ ಬಿಡಿಸಬ್ಯಾಡ್ರಿ. ಮನ್ಯಾಗ ನನ್ನ ಮರಿಲಿಂಗ ಸಣ್ಣಾಂವ ಅದಾನ್ರಿ. ಹಸದಾನ್ರಿ.”

ಆಳುಗಳು ನನ್ನ ಕೊರಳಪಟ್ಟಿಗೆ ಕೈ ಹಾಕಿದರು. ನಾನು ಕುರ್ಚಿಯ ಕೈಗಳನ್ನು ಬಿಡಲಿಲ್ಲ.

“ಅಂವ ಉಂಡಾನ, ದ್ಯಾವಪ್ಪ. ಹೊಟ್ಟಿ ತುಂಬ ಉಂಡಾನ. ನೀ ಮನಿಗಿ ಹೋಗು.”